ಅಂಗಡಿಯ ಕಪಾಟೂ ಕಲಾಶಾಲೆಯ ಗೋಡೆಯೂ

ಕಳೆದ ದೀಪಾವಳಿಯಂದು ಭಗವಾನ್ ಮಹಾವೀರಸ್ವಾಮಿಯವರ ನಿರ್ವಾಣಪೂಜೆ ಮುಗಿಸಿ ಮನೆಮಂದಿಯೆಲ್ಲ ಹಜಾರದಲ್ಲಿ ಕುಳಿತಿದ್ದೆವು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಿರುವ ನನ್ನ ತಮ್ಮನ ಮಗಳು ರಜೆಗೆಂದು ಹುಣಸೂರಿಗೆ ಬಂದಿದ್ದಳು. ಅವಳು ದಪ್ಪನೆಯ ಚಿತ್ರಪುಸ್ತಕವೊಂದರ ಪುಟ ತೆರೆದು ನನ್ನ ಮುಂದಿಟ್ಟು, “ದೊಡ್ಡಪ್ಪ, ಇದೇನು ಹೇಳಿ ನೋಡೋಣ” ಎಂದಳು. ಕೆಂಪು ಬಿಳಿ ಬಣ್ಣದ ತಗಡಿನ ಡಬ್ಬಿಗಳು, ಸಾಲುಸಾಲಾಗಿ, ಒಂದರಂತೆಯೇ ಇನ್ನೊಂದು. ನಲವತ್ತು ವರ್ಷ ದಿನಸಿ ಅಂಗಡಿಯಲ್ಲಿ ಕುಳಿತವನಿಗೆ ಎಣಿಸುವುದು ಅಭ್ಯಾಸ. ಎಣಿಸಿದೆ, ಮೂವತ್ತೆರಡು ಇದ್ದವು. “ಹೇಳುವುದೇನಮ್ಮ, ಯಾರದೋ ಅಂಗಡಿಯ ಕಪಾಟು. ದಾಸ್ತಾನನ್ನು ಚೆನ್ನಾಗಿ ಜೋಡಿಸಿದ್ದಾರೆ” ಎಂದೆ. ಅವಳು ನಕ್ಕು, “ಅಲ್ಲ ದೊಡ್ಡಪ್ಪ, ಇದು ಜಗತ್ಪ್ರಸಿದ್ಧ ಕಲಾಕೃತಿ. ಪಾಪ್ ಆರ್ಟ್ ಎನ್ನುತ್ತಾರೆ” ಎಂದಳು. ಅಡುಗೆಮನೆಯಿಂದ ನನ್ನ ಶ್ರೀಮತಿ, “ಪಾಪದ ಕಲೆಯೇ? ಹಬ್ಬದ ದಿನ ಆ ಮಾತೇಕೆ?” ಎಂದು ಕೇಳಿದಾಗ ಎಲ್ಲರೂ ನಕ್ಕೆವು.

ಆಮೇಲೆ ಹುಡುಗಿ ಮನೆಯ ಹಳೆಯ ಭಾವಚಿತ್ರಗಳ ಆಲ್ಬಮ್ಮನ್ನು ತೆಗೆಸಿದಳು. ಅದರಲ್ಲಿ ೧೯೮೭ರಲ್ಲಿ ಊರಿನ ಸ್ಟುಡಿಯೋದವರು ನಮ್ಮ ಅಂಗಡಿಯೊಳಗೆ ತೆಗೆದ ಒಂದು ಛಾಯಾಚಿತ್ರವಿದೆ. ಗಲ್ಲಾಪೆಟ್ಟಿಗೆಯ ಹಿಂದೆ ನಾನು, ಇಪ್ಪತ್ತೇಳರ ಯುವಕ. ನನ್ನ ಬೆನ್ನ ಹಿಂದೆ ಗಾಜಿನ ಕಪಾಟಿನ ತುಂಬ ಸಿಗರೇಟು ಪೆಟ್ಟಿಗೆಗಳು, ಮೂವತ್ತೆರಡಕ್ಕಿಂತ ಎಷ್ಟೋ ಹೆಚ್ಚು, ಗೋಪುರದಂತೆ ಜೋಡಿಸಿದವು. “ದೊಡ್ಡಪ್ಪ, ಇದೂ ಅದೇ! ಈ ಚಿತ್ರವನ್ನು ನನ್ನ ಪರೀಕ್ಷೆಯ ಕೆಲಸಕ್ಕೆ ಬಳಸಿಕೊಳ್ಳಲೇ? ದೊಡ್ಡದು ಮಾಡಿ, ಬಣ್ಣ ಕೊಟ್ಟು, ಗೋಡೆಗೆ ಹಾಕುತ್ತೇನೆ” ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. “ಯೋಚಿಸಿ ಹೇಳುತ್ತೇನೆ” ಎಂದು ಆಲ್ಬಮ್ಮನ್ನು ಮುಚ್ಚಿದೆ. ಕನ್ನಡದಲ್ಲಿ ಕಲೆ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಒಂದು ಕೌಶಲ, ಇನ್ನೊಂದು ಬಟ್ಟೆಗೆ ಅಂಟಿ ಹೋಗದ ಗುರುತು. ಆ ಚಿತ್ರದಲ್ಲಿ ನನಗೆ ಎರಡನೆಯದೇ ಕಂಡಿತ್ತು. ಏಕೆ ಕಂಡಿತೆಂಬುದನ್ನು ಧರ್ಮಬಂಧುಗಳ ಮುಂದೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ಈ ಕಲೆಯ ಪರಿಚಯವನ್ನು ಸಂಕ್ಷೇಪವಾಗಿ ಮಾಡಿಕೊಡುವುದು ಉಚಿತ. ಪಾಪ್ ಎಂಬುದು ‘ಪಾಪ್ಯುಲರ್’, ಅಂದರೆ ಜನಪ್ರಿಯ ಎಂಬ ಮಾತಿನ ಮೊಟಕು ರೂಪ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದಲ್ಲಿ ಕಾರ್ಖಾನೆಗಳ ಸರಕು ಪ್ರವಾಹದಂತೆ ಹರಿಯಿತು. ೧೯೫೬ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ನಡೆದ ಒಂದು ಪ್ರದರ್ಶನಕ್ಕಾಗಿ ರಿಚರ್ಡ್ ಹ್ಯಾಮಿಲ್ಟನ್ ಎಂಬ ಕಲಾವಿದರು ಅಮೆರಿಕದ ಪತ್ರಿಕೆಗಳ ಛಾಯಾಚಿತ್ರಗಳನ್ನು ಕತ್ತರಿಸಿ ಅಂಟಿಸಿ ಒಂದು ಮನೆಯ ಹಜಾರವನ್ನು ರಚಿಸಿದರು. ಅದರಲ್ಲಿ ಟೆಲಿವಿಷನ್ ಇದೆ, ಟೇಪ್ ರೆಕಾರ್ಡರ್ ಇದೆ, ಧೂಳು ಹೀರುವ ಯಂತ್ರವಿದೆ, ದೀಪದ ಬುರುಡೆಯ ಮೇಲೆ ಮೋಟಾರು ಕಂಪನಿಯ ಲಾಂಛನವಿದೆ, ಮೇಜಿನ ಮೇಲೆ ಡಬ್ಬಿಯಲ್ಲಿ ತುಂಬಿದ ಮಾಂಸವಿದೆ. ಮನೆಯಲ್ಲಿ ಮನುಷ್ಯರೂ ಇದ್ದಾರೆ; ಅವರು ಸಹ ಮಾರಾಟಕ್ಕಿಟ್ಟ ಸರಕಿನಂತೆಯೇ ಭಂಗಿ ಕೊಟ್ಟಿದ್ದಾರೆ.

ನಮ್ಮ ಹುಡುಗಿ ತೋರಿಸಿದ ಡಬ್ಬಿಗಳು ಆ್ಯಂಡಿ ವಾರ್ಹಾಲ್ ಎಂಬುವರವು. ಅವರು ನ್ಯೂಯಾರ್ಕಿನಲ್ಲಿ ಪಾದರಕ್ಷೆಗಳ ಜಾಹೀರಾತಿಗೆ ಚಿತ್ರ ಬರೆದು ಹೆಸರು ಮಾಡಿದವರು. ಅಂದರೆ ಪೇಟೆಯ ಒಳಗಿನಿಂದಲೇ ಬಂದವರು. ೧೯೬೨ರಲ್ಲಿ ಒಂದು ಕಂಪನಿಯ ಸಾರಿನ ಡಬ್ಬಿಗಳನ್ನು, ರುಚಿಗೊಂದರಂತೆ ಮೂವತ್ತೆರಡು ಚಿತ್ರಗಳಾಗಿ ಬರೆದು ಲಾಸ್ ಏಂಜಲೀಸಿನಲ್ಲಿ ಪ್ರದರ್ಶಿಸಿದರು. ಅವು ಕೈಯಿಂದ ಬರೆದವು. ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಚಿತ್ರನಟಿ ಮರ್ಲಿನ್ ಮನ್ರೋ ತೀರಿಕೊಂಡಾಗ ವಾರ್ಹಾಲರು ಛಾಯಾಚಿತ್ರದ ಕಡೆಗೆ ತಿರುಗಿದರು. ೧೯೫೩ರ ಒಂದು ಚಲನಚಿತ್ರದ ಪ್ರಚಾರಕ್ಕೆ ತೆಗೆದಿದ್ದ ಆಕೆಯ ಭಾವಚಿತ್ರವನ್ನು ಒಂದೇ ಕೃತಿಯಲ್ಲಿ ಐವತ್ತು ಸಲ ಮುದ್ರಿಸಿದರು. ಎಡಭಾಗದಲ್ಲಿ ಕಣ್ಣು ಕುಕ್ಕುವ ಬಣ್ಣ. ಬಲಭಾಗದಲ್ಲಿ ಕಪ್ಪು ಮಸಿ, ಸಾಲಿನಿಂದ ಸಾಲಿಗೆ ಮಾಸುತ್ತ ಹೋಗುತ್ತದೆ.

ಈ ಮುದ್ರಣದ ವಿಧಾನ ನಮಗೆ ಅಪರಿಚಿತವಲ್ಲ. ನಮ್ಮ ಮದುವೆಯ ಆಮಂತ್ರಣಪತ್ರಗಳನ್ನೂ ಜವಳಿ ಅಂಗಡಿಯ ಕೈಚೀಲಗಳನ್ನೂ ಮುದ್ರಿಸುವ ಸ್ಕ್ರೀನ್ ಪ್ರಿಂಟಿಂಗೇ ಅದು. ಚೌಕಟ್ಟಿಗೆ ಬಿಗಿದ ತೆಳುಬಟ್ಟೆಗೆ ಬೆಳಕಿಗೆ ಗಟ್ಟಿಯಾಗುವ ರಸವನ್ನು ಸವರಿ, ಮೇಲೆ ಛಾಯಾಚಿತ್ರದ ಫಿಲ್ಮನ್ನು ಇಟ್ಟು ಬೆಳಕು ಬಿಡುತ್ತಾರೆ. ಬೆಳಕು ತಾಗಿದ ಕಡೆ ರಸ ಗಟ್ಟಿಯಾಗಿ ರಂಧ್ರ ಮುಚ್ಚುತ್ತದೆ. ಫಿಲ್ಮಿನ ಕಪ್ಪು ಮರೆಮಾಡಿದ ಕಡೆ ರಸ ತೊಳೆದುಹೋಗುತ್ತದೆ. ಆ ರಂಧ್ರಗಳ ಮೂಲಕ ರಬ್ಬರಿನ ಪಟ್ಟಿಯಿಂದ ಬಣ್ಣ ತಳ್ಳಿದರೆ ಚಿತ್ರ ಇಳಿಯುತ್ತದೆ. ಒಂದು ಚೌಕಟ್ಟಿನಿಂದ ನೂರು ಪ್ರತಿ ತೆಗೆಯಬಹುದು. ಕಾರ್ಖಾನೆ ಸರಕನ್ನು ಮಾಡುವಂತೆಯೇ ಕಲಾವಿದ ಚಿತ್ರವನ್ನು ಮಾಡಿದ್ದಾನೆ. ಈ ಕಲೆಯ ಬೇರು ಅಂಗಡಿಯಲ್ಲಿದೆ ಎಂದರೆ ಅತಿಶಯೋಕ್ತಿಯಾಗದು.

ಅಂಗಡಿಯಲ್ಲಿ ಆ ಬೇರು ಹೇಗೆ ಇಳಿಯಿತೆಂಬುದನ್ನು ವ್ಯಾಪಾರಿಯಾಗಿ ನಾನು ಕಣ್ಣಾರೆ ಕಂಡವನು. ನಮ್ಮ ತಂದೆಯವರ ಕಾಲದಲ್ಲಿ ಅಂಗಡಿಯೊಳಗೆ ಚಿತ್ರಗಳಿರಲಿಲ್ಲ, ಮೂಟೆಗಳಿದ್ದವು. ಕೃಷ್ಣರಾಜನಗರದ ಕಡೆಯ ಅಕ್ಕಿ, ಪಿರಿಯಾಪಟ್ಟಣದ ಕಡೆಯ ರಾಗಿ, ಹೆಗ್ಗಡದೇವನಕೋಟೆಯ ಕಡೆಯ ಹುರುಳಿ. ಗಿರಾಕಿ ಮೂಟೆಗೆ ಕೈಹಾಕಿ, ಹಿಡಿಯಷ್ಟು ತೆಗೆದು ಮೂಸಿ, ಒಂದು ಕಾಳನ್ನು ಹಲ್ಲಿನಿಂದ ಕಚ್ಚಿ ನೋಡಿ ಕೊಳ್ಳುತ್ತಿದ್ದ. ತಂದೆಯವರು ತೂಗಿ, ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ದಾರ ಸುತ್ತಿ ಕೊಡುತ್ತಿದ್ದರು. ಮಾಲು ಕೆಟ್ಟಿದ್ದರೆ ಮರುದಿನ ಅದೇ ಗಿರಾಕಿ ಬಂದು ಅವರ ಮುಖ ನೋಡಿ ಕೇಳುತ್ತಿದ್ದ. ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಬೇಕಾಗಿದ್ದುದರಿಂದ ಸತ್ಯಾಣುವ್ರತವು ತಕ್ಕಡಿಯ ಪಕ್ಕದಲ್ಲೇ ಕುಳಿತಿರುತ್ತಿತ್ತು.

ಬರಬರುತ್ತ ಪೊಟ್ಟಣದ ಜಾಗಕ್ಕೆ ಪ್ಯಾಕೆಟ್ಟು ಬಂತು. ಪ್ಯಾಕೆಟ್ಟನ್ನು ಮೂಸಲಾಗದು, ಕಚ್ಚಲಾಗದು, ನೋಡಬಹುದು, ಅಷ್ಟೆ. ಆದ್ದರಿಂದ ನೋಡುವುದಕ್ಕೆ ಏನಾದರೂ ಬೇಕಾಯಿತು. ಗಿರಾಕಿಯೇ ಸರಕನ್ನು ಎತ್ತಿಕೊಳ್ಳುವ ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಇದು ಮೊದಲೇ ಆಗಿತ್ತು. ಅಲ್ಲಿ ವ್ಯಾಪಾರಿಯ ಮಾತಿಗೆ ಎಡೆಯಿಲ್ಲ. ಡಬ್ಬಿಯ ಮೇಲಿನ ಬಣ್ಣವೇ ಮಾತನಾಡಬೇಕು. ವಿಶ್ವಾಸವು ವ್ಯಾಪಾರಿಯ ಮುಖದಿಂದ ಹೊರಟು ಡಬ್ಬಿಯ ಚಿತ್ರಕ್ಕೆ ಹೋಗಿ ಸೇರಿತು. ಹ್ಯಾಮಿಲ್ಟನ್, ವಾರ್ಹಾಲ್ ಮೊದಲಾದವರು ಈ ವರ್ಗಾವಣೆಯನ್ನು ಕಂಡು ಅದನ್ನೇ ಚೌಕಟ್ಟಿಗೆ ಹಾಕಿದರು.

ಇದು ಪಶ್ಚಿಮದ ರೋಗ, ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಮನೆಗಳ ಗೋಡೆಗಳನ್ನು ನೋಡಿದರೆ ಹಾಗೆ ಹೇಳಲು ಸಾಧ್ಯವಿಲ್ಲ. ಮೈಸೂರು ಅರಮನೆಗಾಗಿ ಚಿತ್ರಗಳನ್ನು ಬರೆದ ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಜಗನ್ಮೋಹನ ಅರಮನೆಗೆ ಹೋಗಿ ನೋಡಬೇಕಾಗಿದ್ದ ಚಿತ್ರಕಲೆ ಬಡವನ ಗುಡಿಸಲಿಗೂ ಬಂತು. ಇದು ಉಪಕಾರವೇ ಸರಿ. ಆದರೆ ಆ ಲಕ್ಷ್ಮೀ ಸರಸ್ವತಿಯರ ಕೆಳಗೆ ಕ್ರಮೇಣ ಸಾಬೂನಿನ, ಔಷಧದ ಹೆಸರುಗಳು ಅಚ್ಚಾದವು, ಕೆಳಗೆ ಪಂಚಾಂಗದ ಹಾಳೆಗಳು ಜೋತುಬಿದ್ದವು. ದೇವರಿಗೆ ಕೈಮುಗಿದರೆ ಸರಕಿಗೂ ಮುಗಿದಂತಾಯಿತು. ೧೯೧೮ರಿಂದ ನಾವು ಬಲ್ಲ ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯನ್ನೇ ನೋಡಿ: ಒಡವೆಯ ಕರಂಡಕದಂತಹ ಆಕಾರ, ಮೇಲೆ ಸಿಂಹದ ದೇಹ ಆನೆಯ ಸೊಂಡಿಲಿನ ಶರಭ. ನನ್ನ ತಾಯಿಯವರು ಸಾಬೂನು ಕರಗಿದ ಮೇಲೂ ಆ ಪೆಟ್ಟಿಗೆಯನ್ನು ಎಸೆಯದೆ ಗುಂಡಿ ದಾರಗಳನ್ನು ಇಟ್ಟುಕೊಳ್ಳುತ್ತಿದ್ದರು. ಸರಕು ಹೋದರೂ ಚಿತ್ರ ಉಳಿಯುತ್ತದೆ.

ನಮ್ಮ ಶ್ರಾವಕಾಚಾರದಲ್ಲಿ ಇದಕ್ಕೊಂದು ಹೆಸರಿದೆ. ಸಮಂತಭದ್ರಾಚಾರ್ಯರು ಒಮ್ಮೆ ಅನುಭವಿಸಿದರೆ ಮುಗಿದುಹೋಗುವ ಆಹಾರಾದಿಗಳನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸಬಹುದಾದ ವಸ್ತ್ರಾಭರಣಾದಿಗಳನ್ನು ಉಪಭೋಗವೆಂದೂ ವಿಂಗಡಿಸಿ ಎರಡಕ್ಕೂ ಪರಿಮಾಣ ಹಾಕಿಕೊಳ್ಳಲು ಬೋಧಿಸಿದ್ದಾರೆ. ಸಾರು ಭೋಗ; ಉಂಡರೆ ಮುಗಿಯಿತು, ಹಸಿವು ತಣಿದ ಮೇಲೆ ಬೇಡ ಎನ್ನಬಹುದು. ಸಾರಿನ ಡಬ್ಬಿಯ ಚಿತ್ರವಾದರೋ ಕಣ್ಣಿನ ಉಪಭೋಗ. ಎಷ್ಟು ನೋಡಿದರೂ ಮುಗಿಯದು. ಹೊಟ್ಟೆಗೆ ಮಿತಿಯುಂಟು, ನೋಟಕ್ಕಿಲ್ಲ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣ ಹೇಳುವಾಗ ಯಾವ ವಸ್ತುವನ್ನೂ ಹೆಸರಿಸದೆ, ಮನಸ್ಸು ಎಚ್ಚರ ತಪ್ಪಿ ಅಂಟಿಕೊಳ್ಳುವ ಸ್ಥಿತಿಯನ್ನು ಹೆಸರಿಸಿದುದರ ಮರ್ಮವನ್ನು ಇಲ್ಲಿ ಸ್ಮರಿಸಬಹುದು. ಕೊಳ್ಳುಬಾಕತನವು ಕೈಯಿಂದ ಆರಂಭವಾಗುವುದಿಲ್ಲ, ಕಣ್ಣಿನಿಂದ ಆರಂಭವಾಗುತ್ತದೆ.

ಇನ್ನು ನನ್ನ ಕಪಾಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ತಂದೆಯವರು ಅಂಗಡಿಯಲ್ಲಿ ಬೀಡಿ ಸಿಗರೇಟು ಇಟ್ಟವರಲ್ಲ. ನಾನು ಬಿ.ಕಾಂ. ಮುಗಿಸಿ ಗಲ್ಲಾದ ಮೇಲೆ ಕುಳಿತ ಕೆಲವು ವರ್ಷಗಳಲ್ಲಿ, ೧೯೮೪ರಲ್ಲಿ, ತಂಬಾಕು ಮಂಡಳಿಯು ಕರ್ನಾಟಕದಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಹರಾಜು ಪದ್ಧತಿಯನ್ನು ಆರಂಭಿಸಿತು. ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹರಾಜು ಕಟ್ಟೆಗಳಾದವು. ಬೇಲುಗಳು ಮಾರಾಟವಾದ ದಿನ ಪೇಟೆಯಲ್ಲಿ ಹಣ ಓಡಾಡುತ್ತಿತ್ತು. ಆಗ ಕಂಪನಿಯೊಂದರ ಪ್ರತಿನಿಧಿ ಬಂದು ಗಾಜಿನ ಕಪಾಟನ್ನು ಉಚಿತವಾಗಿ ಕೊಡುವುದಾಗಿಯೂ, ಬಾಗಿಲ ಮೇಲೆ ನಮ್ಮ ಅಂಗಡಿಯ ಹೆಸರು ಬರೆದ ಬಣ್ಣದ ತಗಡಿನ ಬೋರ್ಡು ಹಾಕಿಸುವುದಾಗಿಯೂ ಹೇಳಿದರು. ಬೋರ್ಡಿನಲ್ಲಿ ನಮ್ಮ ಹೆಸರು ಬೆರಳಿನಷ್ಟು, ಅವರ ಸರಕಿನ ಚಿತ್ರ ಮೊಳದಷ್ಟು ಇತ್ತೆಂಬುದು ನನಗೆ ಆಗ ಕಾಣಲಿಲ್ಲ. ತಂದೆಯವರು ಬೈಯಲಿಲ್ಲ. “ನೀನು ಸೇದುವುದಿಲ್ಲವಲ್ಲ ಮಗು, ನೀನು ಬಾಯಿಗಿಡದುದನ್ನು ಇನ್ನೊಬ್ಬರ ಕೈಗೆ ಏಕೆ ಕೊಡುತ್ತೀಯೆ?” ಎಂದು ಒಂದು ಸಲ ಮಾತ್ರ ಕೇಳಿದರು. ನಾನು ಲೆಕ್ಕದ ಪುಸ್ತಕ ತೋರಿಸಿದೆ. ಅವರು ಮತ್ತೆ ಆ ಕಪಾಟಿನ ಕಡೆ ತಿರುಗಿ ಕುಳಿತುಕೊಳ್ಳಲಿಲ್ಲ.

ಒಂದು ವಿಷಯವನ್ನು ಮುಚ್ಚಿಡಬಾರದು: ಆ ಕಪಾಟನ್ನು ಜೋಡಿಸುವುದು ನನಗೆ ಇಷ್ಟವಾಗಿತ್ತು. ಬಣ್ಣದ ಪಕ್ಕಕ್ಕೆ ಬಣ್ಣ, ಚಿನ್ನದ ಗೆರೆಯ ಪಕ್ಕಕ್ಕೆ ಚಿನ್ನದ ಗೆರೆ. ಬೆಳಿಗ್ಗೆ ಬಾಗಿಲು ತೆರೆದೊಡನೆ ಅದನ್ನು ನೋಡಿ ಸಂತೋಷಪಡುತ್ತಿದ್ದೆ. ಆ ಸಂತೋಷದ ಗಳಿಗೆಯಲ್ಲೇ ಸ್ಟುಡಿಯೋದವರನ್ನು ಕರೆಸಿ ಚಿತ್ರ ತೆಗೆಸಿದ್ದು.

೨೦೦೩ರ ಕೇಂದ್ರ ಕಾಯಿದೆಯಿಂದ ತಂಬಾಕಿನ ಜಾಹೀರಾತಿಗೆ ತಡೆ ಬಿತ್ತು. ೨೦೦೯ರ ಮೇ ೩೧ರಿಂದ ಪೆಟ್ಟಿಗೆಗಳ ಮೇಲೆ ಎಚ್ಚರಿಕೆಯ ಚಿತ್ರ ಕಡ್ಡಾಯವಾಯಿತು. ಹೊಸ ಪೆಟ್ಟಿಗೆಗಳು ಬಂದಾಗ ಅವುಗಳ ಮೇಲೆ ಶ್ವಾಸಕೋಶದ ಚಿತ್ರವಿತ್ತು. ನಾನು ಎಂದಿನಂತೆ ಜೋಡಿಸತೊಡಗಿದೆ, ಅಂದವಾಗಿ ಕಾಣಲಿಲ್ಲ. ಚಿತ್ರ ಮರೆಯಾಗುವಂತೆ ಒಂದರ ಮೇಲೊಂದು ಸರಿಸಿ, ಕೆಳಭಾಗಕ್ಕೆ ಬೆಲೆಯ ಚೀಟಿ ಅಂಟಿಸಿ ಇಟ್ಟೆ. ಅರ್ಧ ಕಪಾಟು ಮುಗಿಸುವಾಗ ನನ್ನ ಕೈ ನಿಂತಿತು. ಆಸೆ ಹುಟ್ಟಿಸುವ ಚಿತ್ರವನ್ನು ಇಪ್ಪತ್ತು ವರ್ಷ ಮುಂದಕ್ಕೆ ತಿರುಗಿಸಿಟ್ಟವನು, ಸತ್ಯ ಹೇಳುವ ಚಿತ್ರವನ್ನು ಮೊದಲ ದಿನವೇ ಹಿಂದಕ್ಕೆ ತಿರುಗಿಸುತ್ತಿದ್ದೆ. ತಂದೆಯವರು ಆಗ ಬದುಕಿರಲಿಲ್ಲ. ಆ ವರ್ಷದ ದಾಸ್ತಾನು ಹಿಂದಿರುಗಿಸಿ, ಮುಂದಿನ ವರ್ಷದಿಂದ ಆ ವ್ಯಾಪಾರ ಬಿಟ್ಟೆ. ವರಮಾನ ಇಳಿಯಿತು, ಆದರೆ ಸಂಸಾರ ನಡೆಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಬೆಳೆಗಾರರನ್ನು ನಿಂದಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹೊಗೆಸೊಪ್ಪು ಬಿಟ್ಟರೆ ಸಾಲ ತೀರಿಸುವ ಬೆಳೆ ಯಾವುದೆಂದು ಅವರು ಕೇಳುವ ಪ್ರಶ್ನೆಗೆ ನನ್ನಂಥವನ ಬಳಿ ಉತ್ತರವಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಅವರ ಹೊಲವಾಗಲಿ, ಬ್ಯಾರನ್ನಿನಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ಬೆಂಕಿ ನೋಡಿಕೊಳ್ಳುವ ಹೆಂಗಸಾಗಲಿ, ಉರಿದುಹೋದ ಸೌದೆಯಾಗಲಿ ಎಂದೂ ಅಚ್ಚಾದುದನ್ನು ನಾನು ಕಂಡಿಲ್ಲ.

ತತ್ತ್ವಾರ್ಥಸೂತ್ರವು ವಸ್ತುವನ್ನು ತಿಳಿಯುವ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ: ನಾಮ, ಸ್ಥಾಪನಾ, ದ್ರವ್ಯ, ಭಾವ. ಗುಣವಿದ್ದರೂ ಇಲ್ಲದಿದ್ದರೂ ಇಟ್ಟ ಹೆಸರು ನಾಮ. ಇದು ಅದೇ ಎಂದು ಪ್ರತಿಮೆಯಲ್ಲೋ ಚದುರಂಗದ ಕಾಯಿಯಲ್ಲೋ ಭಾವಿಸುವುದು ಸ್ಥಾಪನೆ. ಹಿಂದೆ ಏನಾಗಿತ್ತು, ಮುಂದೆ ಏನಾಗಲಿದೆ ಎಂಬುದರಿಂದ ಗುರುತಿಸುವುದು ದ್ರವ್ಯ. ಈಗ ನಿಜವಾಗಿ ಏನಾಗಿದೆಯೋ ಅದು ಭಾವ. ಜಾಹೀರಾತಿನ ಚಿತ್ರವನ್ನು ಈ ನಾಲ್ಕರಲ್ಲಿ ಇಟ್ಟು ನೋಡಿದರೆ ಅದರ ಗುಟ್ಟು ಬಯಲಾಗುತ್ತದೆ. ಅದು ದೊಡ್ಡ ಹೆಸರನ್ನು ಇಡುತ್ತದೆ, ಅಂದದ ಚಿತ್ರವನ್ನು ಸ್ಥಾಪಿಸುತ್ತದೆ, ಕೊಂಡವನಿಗೆ ಸುಖದ ನಾಳೆಯನ್ನು ವಾಗ್ದಾನ ಮಾಡುತ್ತದೆ. ಭಾವದ ಬಗ್ಗೆ, ಅಂದರೆ ಕೈಯಲ್ಲಿ ಈಗ ಏನಿದೆ ಎಂಬುದರ ಬಗ್ಗೆ, ಮೌನವಾಗಿರುತ್ತದೆ. ಎಚ್ಚರಿಕೆಯ ಚಿತ್ರ ನನ್ನನ್ನು ಕದಲಿಸಿದ್ದು ಏಕೆಂದು ಈಗ ತಿಳಿಯುತ್ತದೆ. ಆ ಪೆಟ್ಟಿಗೆಯ ನಿಜವಾದ ದ್ರವ್ಯವನ್ನು, ಮುಂದೆ ಅದು ಏನಾಗಲಿದೆ ಎಂಬುದನ್ನು, ಅದು ಪೆಟ್ಟಿಗೆಯ ಮೇಲೇ ತಂದಿಟ್ಟಿತು. ೨೦೧೬ರ ಏಪ್ರಿಲಿನಿಂದ ಆ ಚಿತ್ರ ಪೆಟ್ಟಿಗೆಯ ಮುಖದ ನೂರಕ್ಕೆ ೮೫ ಭಾಗಕ್ಕೆ ಹಿಗ್ಗಿದಾಗ ವ್ಯಾಪಾರಿಗಳು ಎಷ್ಟು ಗೊಣಗಿದರೆಂಬುದನ್ನು ನಾನು ಬಲ್ಲೆ. ಅಷ್ಟರಲ್ಲಿ ನನ್ನ ಕಪಾಟಿನಲ್ಲಿ ಬೇಳೆಕಾಳುಗಳ ಡಬ್ಬಗಳಿದ್ದವು.

ಪಾಪ್ ಕಲಾವಿದರು ಈ ಮೌನವನ್ನು ಬಯಲಿಗೆಳೆದರೋ, ಅದನ್ನೇ ಮಾರಿಕೊಂಡರೋ? ಎರಡೂ ನಡೆದಿದೆ. ವಾರ್ಹಾಲರು ೧೯೬೪ರಲ್ಲಿ ಬ್ರಿಲ್ಲೋ ಎಂಬ ಪಾತ್ರೆ ಉಜ್ಜುವ ಸಾಮಗ್ರಿಯ ಪೆಟ್ಟಿಗೆಗಳನ್ನು ಮರದಲ್ಲಿ ಮಾಡಿಸಿ ಪ್ರದರ್ಶಿಸಿ ಖ್ಯಾತರಾದರು. ಮೂಲ ರಟ್ಟಿನ ಪೆಟ್ಟಿಗೆಯ ವಿನ್ಯಾಸ ಮಾಡಿದ್ದವರು ಜೇಮ್ಸ್ ಹಾರ್ವೆ, ಅವರೂ ಚಿತ್ರಕಲಾವಿದರೇ. ಆದರೆ ಖ್ಯಾತಿ ಅವರಿಗೆ ಬರಲಿಲ್ಲ. ಇನ್ನೊಂದು ಪ್ರಕರಣ ನ್ಯಾಯಾಲಯಕ್ಕೇ ಹೋಯಿತು. ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ ೧೯೮೧ರಲ್ಲಿ ಪ್ರಿನ್ಸ್ ಎಂಬ ಗಾಯಕನ ಚಿತ್ರ ತೆಗೆದಿದ್ದರು. ೧೯೮೪ರಲ್ಲಿ ಒಂದು ಪತ್ರಿಕೆ ಆಕೆಗೆ ೪೦೦ ಡಾಲರ್ ಕೊಟ್ಟು, ಒಂದು ಸಲದ ಬಳಕೆಗೆಂದು ಅನುಮತಿ ಪಡೆದು, ವಾರ್ಹಾಲರಿಂದ ಚಿತ್ರ ಬರೆಸಿತು. ಅವರು ಅದೇ ಛಾಯಾಚಿತ್ರದಿಂದ ಹದಿನಾರು ಕೃತಿಗಳನ್ನು ಮಾಡಿದರು. ಅವರ ಮರಣಾನಂತರ ೨೦೧೬ರಲ್ಲಿ ಅವುಗಳಲ್ಲೊಂದನ್ನು ಮುದ್ರಿಸಲು ಅವರ ಪ್ರತಿಷ್ಠಾನಕ್ಕೆ ೧೦,೨೫೦ ಡಾಲರ್ ಸಂದಿತು. ಛಾಯಾಗ್ರಾಹಕಿಗೆ ಒಂದು ಕಾಸೂ ಇಲ್ಲ. ೨೦೨೩ರ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಏಳಕ್ಕೆ ಎರಡರ ಬಹುಮತದಿಂದ ಛಾಯಾಗ್ರಾಹಕಿಯ ಪರವಾಗಿ ತೀರ್ಪು ಕೊಟ್ಟಿತು. ಅಚೌರ್ಯಾಣುವ್ರತಿಗಳಾದ ನಮಗೆ ಇದು ದೂರದ ಸುದ್ದಿಯಲ್ಲ. ನಾನು ಸದಸ್ಯನಾಗಿರುವ ಒಂದು ಬಸದಿಯ ವಿಶ್ವಸ್ತ ಸಮಿತಿಯು ಹಲವು ವರ್ಷ ಸ್ವಾಮಿಯ ಕ್ಯಾಲೆಂಡರನ್ನು ಯಾರೋ ತೆಗೆದ ಛಾಯಾಚಿತ್ರದಿಂದ ಮುದ್ರಿಸಿತು. ತೆಗೆದವರನ್ನು ನಾವು ಕೇಳಲಿಲ್ಲ, ಹೆಸರು ಹಾಕಲಿಲ್ಲ. ಜಾಹೀರಾತು ಕೊಟ್ಟವರ ಹೆಸರುಗಳನ್ನು ಮಾತ್ರ ತಪ್ಪಿಲ್ಲದೆ ಅಚ್ಚು ಹಾಕಿಸಿದೆವು. ಅದತ್ತಾದಾನ ಎಂಬ ಶಬ್ದಕ್ಕೆ ಇನ್ನಾವ ಅರ್ಥ ಹೇಳೋಣ?

ಇದೇ ಕಲೆಯನ್ನು ಪ್ರಾಮಾಣಿಕವಾಗಿ ಬಳಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ೧೯೫೬ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಕಲಾವಿದೆ ಎನ್. ಪುಷ್ಪಮಾಲಾ ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ೨೦೦೦ದಿಂದ ೨೦೦೪ರವರೆಗೆ ದಕ್ಷಿಣ ಭಾರತದ ಸ್ತ್ರೀಯರ ಬಗ್ಗೆ ಒಂದು ಛಾಯಾಚಿತ್ರಮಾಲೆ ರಚಿಸಿದರು. ರವಿವರ್ಮರ ಲಕ್ಷ್ಮಿಯಂತೆ, ಕ್ಯಾಲೆಂಡರಿನ ದೇವತೆಯಂತೆ, ಸಿನಿಮಾದ ನಾಯಕಿಯಂತೆ ತಾವೇ ವೇಷ ತೊಟ್ಟು, ಬಣ್ಣದ ಪರದೆಯ ಮುಂದೆ ನಿಂತು ಚಿತ್ರ ತೆಗೆಸಿಕೊಂಡರು. ಅದು ವೇಷ, ಹಿಂದಿರುವುದು ಪರದೆ ಎಂದು ನೋಡಿದವರಿಗೆ ಗೊತ್ತಾಗುತ್ತದೆ. ಗೊತ್ತಾಗಬೇಕೆ�ಂದೇ ಹಾಗೆ ಮಾಡಿದ್ದು. ನಾನು ಸ್ಥಾಪನೆ ಮಾತ್ರ ಎಂದು ತಾನೇ ಹೇಳಿಕೊಳ್ಳುವ ಚಿತ್ರ ಯಾರನ್ನೂ ಮೋಸಗೊಳಿಸುವುದಿಲ್ಲ.

ಈಗ ನನ್ನ ಎರಡನೆಯ ತಪ್ಪನ್ನೂ ಹೇಳಿಬಿಡಬೇಕು. ೨೦೧೮ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆಯಿತಷ್ಟೆ. ಆ ಸಂದರ್ಭದಲ್ಲಿ ಯಾತ್ರಿಕರಿಗೆ ಸ್ವಾಗತ ಕೋರಿ ನಮ್ಮ ಊರಿನಲ್ಲಿ ಒಂದು ಫ್ಲೆಕ್ಸ್ ಹಾಕಿಸಿದೆ. ಪ್ಲಾಸ್ಟಿಕ್ಕಿನ ಫ್ಲೆಕ್ಸುಗಳನ್ನು ರಾಜ್ಯ ಸರ್ಕಾರ ೨೦೧೬ರಲ್ಲೇ ನಿಷೇಧಿಸಿದ್ದುದು ತಿಳಿದಿದ್ದರೂ ಎಲ್ಲರೂ ಹಾಕುತ್ತಾರೆಂದು ಹಾಕಿಸಿದೆ. ಬಾಹುಬಲಿಸ್ವಾಮಿಯ ಚಿತ್ರ ಮೇಲಿನ ಮೂಲೆಯಲ್ಲಿ. ಕೈಮುಗಿದು ನಿಂತ ನನ್ನ ಚಿತ್ರ ಆಳೆತ್ತರ. ಸರ್ವಸ್ವವನ್ನೂ ತ್ಯಜಿಸಿ ನಿಂತ ಸ್ವಾಮಿಯ ಹೆಸರಿನಲ್ಲಿ ನನ್ನ ಅಂಗಡಿಯ ವಿಳಾಸವೂ ಅದರಲ್ಲಿತ್ತು. ಕೆಲವು ತಿಂಗಳ ಬಳಿಕ ಬಾಕಿ ವಸೂಲಿಗೆಂದು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಗೆ ಹೋದೆ. ಬ್ಯಾರನ್ನಿನ ಪಕ್ಕದಲ್ಲಿ ಸೌದೆಯ ರಾಶಿ, ಮಳೆಗೆ ನೆನೆಯದಂತೆ ಮೇಲೆ ಹೊದಿಸಿದ ಫ್ಲೆಕ್ಸ್. ಅದರಲ್ಲಿ ತಲೆಕೆಳಗಾಗಿ ನಾನು. ರೈತ ನಗುತ್ತ, “ನೋಡಿ ಸಾವ್ಕಾರ್ರೇ, ನಿಮ್ ಮುಖಾನೇ ನಮ್ ಸೌದೆ ಕಾಯ್ತಾ ಅದೆ” ಎಂದ. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಸ್ವಾಮಿಯ ಚಿತ್ರವಿದ್ದ ಮೂಲೆ ನೆನಪಾಯಿತು. ಅದು ರಾಶಿಯ ಕೆಳಗೆ, ಕೆಸರಿನಲ್ಲಿತ್ತು.

ಈ ಎಲ್ಲವನ್ನೂ ಯೋಚಿಸಿದ ಮೇಲೆ ಹುಡುಗಿಗೆ ಛಾಯಾಚಿತ್ರವನ್ನು ಕೊಟ್ಟೆ. ಎರಡೇ ಷರತ್ತು ಹಾಕಿದೆ: ಚಿತ್ರ ತೆಗೆದ ಸ್ಟುಡಿಯೋದವರ ಮನೆಯವರನ್ನು ಕೇಳಿ ಅವರ ಹೆಸರು ಹಾಕಬೇಕು; ನನ್ನನ್ನು ಒಳ್ಳೆಯವನಂತೆ ತೋರಿಸಬಾರದು. ಅವಳು ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಒಂಬತ್ತು ಪ್ರತಿ ಮುದ್ರಿಸಿದಳು. ನೋಡಲು ಮೈಸೂರಿಗೆ ಹೋದೆ. ಮೊದಲನೆಯದರಲ್ಲಿ ಕಪಾಟೂ ನಾನೂ ಸಮನಾಗಿ ಕಾಣುತ್ತೇವೆ. ಮುಂದೆ ಹೋದಂತೆ ಪೆಟ್ಟಿಗೆಗಳ ಬಣ್ಣ ಹೊಳೆಯುತ್ತ ಹೋಗುತ್ತದೆ, ನನ್ನ ಮುಖ ಮಾಸುತ್ತ ಹೋಗುತ್ತದೆ. ಒಂಬತ್ತನೆಯದರಲ್ಲಿ ಗಲ್ಲಾದ ಹಿಂದೆ ಯಾರೂ ಇಲ್ಲ. “ನನ್ನನ್ನೇಕೆ ಅಳಿಸಿದೆಯಮ್ಮ?” ಎಂದು ಕೇಳಿದೆ. “ನೀವು ಮಾತನಾಡುವ ಅಗತ್ಯವೇ ಇರಲಿಲ್ಲವಲ್ಲ, ದೊಡ್ಡಪ್ಪ” ಎಂದಳು. ಅಜ್ಜನ ತಕ್ಕಡಿಯ ಕಥೆಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ.

ನಮ್ಮ ಬಸದಿಗಳ ವಿಶ್ವಸ್ತರಲ್ಲಿ ಮೂರು ವಿಜ್ಞಾಪನೆಗಳನ್ನು ಮಾಡಿ ಮುಗಿಸುತ್ತೇನೆ. ಭಗವಂತರ ಚಿತ್ರವಿರುವ ಹಾಳೆಯ ಮೇಲೆ ಸರಕಿನ ಚಿತ್ರವಾಗಲಿ ದಾನಿಯ ಮುಖವಾಗಲಿ ಬೇಡ. ದಾನಿಗಳ ಹೆಸರು ವರದಿಯಲ್ಲಿದ್ದರೆ ಸಾಕು. ಛಾಯಾಚಿತ್ರ ತೆಗೆದವರಿಗೆ ಹೆಸರೂ ಸಂಭಾವನೆಯೂ ಸಲ್ಲಲಿ. ಮುದ್ರಿಸುವ ಮೊದಲೇ, ವರ್ಷ ಮುಗಿದ ಮೇಲೆ ಈ ಹಾಳೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿ, ಹಿಂದಕ್ಕೆ ಪಡೆಯುವ ಏರ್ಪಾಡು ಮಾಡಲಿ. ನಮ್ಮ ಸಮಿತಿಯಲ್ಲಿ ಮೊದಲನೆಯ ವಿಜ್ಞಾಪನೆಗೆ ವಿರೋಧ ಬಂತು. ಛಾವಣಿಯ ದುರಸ್ತಿಗೆ ಹಣ ಬೇಕು, ಮುಖ ಹಾಕದಿದ್ದರೆ ದಾನ ಬರುವುದಿಲ್ಲ ಎಂದರು. ಅವರ ಆತಂಕ ಸುಳ್ಳಲ್ಲ. ಈ ವರ್ಷ ಕ್ಯಾಲೆಂಡರಿನಿಂದ ಬಂದ ಹಣ ಕಡಿಮೆಯೇ ಆಯಿತು. ಕೊರತೆಯ ಸ್ವಲ್ಪ ಭಾಗವನ್ನು ನಾನು ಭರಿಸಿದ್ದೇನೆ, ಛಾವಣಿಯ ಅರ್ಧ ಕೆಲಸ ಬಾಕಿ ಉಳಿದಿದೆ.

ನಮ್ಮ ತಾಲ್ಲೂಕಿನ ಬಿಳಿಕೆರೆಯ ಸಮೀಪದ ಗೊಮ್ಮಟಗಿರಿಗೆ ಹೋದವರು ಬಂಡೆಯ ಮೇಲೆ ನಿಂತ ಸ್ವಾಮಿಯ ದರ್ಶನ ಮಾಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಬುಡದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಪಾದಗಳ ಕೂಟಗಳಿವೆ. ಅಲ್ಲಿ ಮುಖವಿಲ್ಲ, ಬಣ್ಣವಿಲ್ಲ; ಕಲ್ಲಿನಲ್ಲಿ ಎರಡು ಪಾದಗಳ ಗುರುತು ಮಾತ್ರ. ಕೊಳ್ಳುವುದಕ್ಕೆ ಏನನ್ನೂ ಹೇಳದ ಸ್ಥಾಪನೆ ಅದು; ನಡೆದವರು ಹೀಗೆ ನಡೆದರು ಎಂದಷ್ಟೇ ಹೇಳುತ್ತದೆ. ಮುಂದಿನ ಸಲ ಮೊಮ್ಮಕ್ಕಳನ್ನು ಕರೆದುಕೊಂಡು ಹೋದಾಗ ಮೊದಲು ಅಲ್ಲಿ ಕುಳಿತುಕೊಳ್ಳಬೇಕೆಂದಿದ್ದೇನೆ. ಶಾಸ್ತ್ರದ ಅರ್ಥ ಹೇಳುವಲ್ಲಿ ನನ್ನಿಂದ ದೋಷವಾಗಿದ್ದರೆ ವಿದ್ವಾಂಸರು ತಿದ್ದಬೇಕಾಗಿ ಪ್ರಾರ್ಥನೆ.